ಕೈ ನಿಂತದ್ದು ಒಂದೇ ಸಲ

ಮಾನ್ಯ ಸಂಪಾದಕರೇ,

‘ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ಅನ್ನೋ ನಾಲ್ವರು ಸೂಪರ್‌ಹೀರೋಗಳ ಇಂಗ್ಲಿಷ್ ಸಿನಿಮಾ ಬಗ್ಗೆ ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಎರಡು ಪತ್ರ ಓದಿದೆ. ಒಬ್ಬರು ಇಂಥ ಸಿನಿಮಾ ಇನ್ನೊಂದು ಬರೋದಿಲ್ಲ ಎಂದು ಬರೆದಿದ್ದರು. ಇನ್ನೊಬ್ಬರು ಪೂರ್ತಿ ದುಡ್ಡು ದಂಡ ಎಂದಿದ್ದರು. ಇಬ್ಬರಿಗೂ ಒಂದು ನಮಸ್ಕಾರ. ನಾನು ನೋಡಿದ್ದು ಮಾತ್ರ ಉಗುರುಬೆಚ್ಚಗಿನ ನೀರು. ಕುಡಿಯಲು ಹೋದರೆ ಬಿಸಿ, ಮೈಗೆ ಹಾಕಿಕೊಂಡರೆ ತಣ್ಣಗೆ.

ನಾನು ವಿಮರ್ಶಕನೇನಲ್ಲ. ದಾವಣಗೆರೆಯ ಒಂದು ಟಾಕೀಸಿನಲ್ಲಿ ಮೂವತ್ತೆಂಟು ವರ್ಷ ದುಡಿದವನು. ಹದಿನೇಳನೇ ವಯಸ್ಸಿಗೆ ರೀಲು ಸುತ್ತುವ ಹುಡುಗನಾಗಿ ಸೇರಿದೆ, ಆಮೇಲೆ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆದೆ. ರೀಲು ಹೋಗಿ ಕಂಪ್ಯೂಟರ್ ಪೆಟ್ಟಿಗೆ ಬಂದಾಗ ಮನೆಗೆ ಬಂದೆ. ಈಗ ಆ ಟಾಕೀಸೂ ಇಲ್ಲ, ಅಲ್ಲಿ ಬಟ್ಟೆ ಅಂಗಡಿ ಆಗಿದೆ. ಹಬ್ಬಕ್ಕೆ ಸೀರೆ ತರಲು ಹೋದಾಗ ಹೆಂಡತಿ ಸೀರೆ ನೋಡುತ್ತಾಳೆ, ನಾನು ತಲೆ ಎತ್ತಿ ಕ್ಯಾಬಿನ್ ಇದ್ದ ಮೂಲೆ ನೋಡುತ್ತೇನೆ. ಅಲ್ಲೀಗ ಎಸಿ ನೇತಾಡುತ್ತಿದೆ.

ಆಪರೇಟರ್‌ಗಳು ಸಿನಿಮಾ ನೋಡೋದಿಲ್ಲ ಅಂದರೆ ಯಾರೂ ನಂಬೋದಿಲ್ಲ. ಮೊದಲ ದಿನ ನೋಡುತ್ತೇವೆ. ಆಮೇಲೆ ನೋಡೋದು ಜನರನ್ನ. ಕ್ಯಾಬಿನ್ ಗೋಡೆಯಲ್ಲಿ ಅಂಗೈ ಅಗಲದ ಕಿಂಡಿ ಇರುತ್ತದೆ. ಅದರಲ್ಲಿ ಪರದೆ ಎಷ್ಟು ಕಾಣುತ್ತದೋ ತಲೆಗಳೂ ಅಷ್ಟೇ ಕಾಣುತ್ತವೆ. ಆಗೆಲ್ಲ ಟಾಕೀಸಿನೊಳಗೇ ಬೀಡಿ ಸೇದುತ್ತಿದ್ದರು. ಸೇದಬಾರದು ಅಂತ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಿತ್ತು, ಅದರ ಕೆಳಗೇ ಕೂತು ಸೇದುತ್ತಿದ್ದರು. ಗಾಂಧಿ ಕ್ಲಾಸಿನಿಂದ ಎದ್ದ ಹೊಗೆ ನಮ್ಮ ಕಿಂಡಿಯಿಂದ ಹೋಗುವ ಬೆಳಕಿನ ಕೋಲಿನಲ್ಲಿ ಸುರುಳಿ ಸುರುಳಿಯಾಗಿ ಕಾಣುತ್ತಿತ್ತು. ಸಿನಿಮಾ ಬೋರಾದರೆ ಹೊಗೆ ಜಾಸ್ತಿ. ಸಿನಿಮಾ ಜನರನ್ನ ಹಿಡಿದುಕೊಂಡಿತು ಅಂದರೆ ಸೇದುವುದನ್ನೇ ಮರೆಯುತ್ತಿದ್ದರು. ಬೀಡಿಯ ಗುಣ ಗೊತ್ತಲ್ಲ, ಎಳೆಯದಿದ್ದರೆ ತಾನೇ ಆರಿಹೋಗುತ್ತದೆ. ಐದು ನಿಮಿಷದಲ್ಲಿ ಬೆಳಕಿನ ಕೋಲು ತೊಳೆದಿಟ್ಟ ಹಾಗೆ ಆಗುತ್ತಿತ್ತು.

ನಾನು ಅದನ್ನ ಮೊದಲು ಕಂಡದ್ದು 1972ರ ‘ನಾಗರಹಾವು’ ನಮ್ಮಲ್ಲಿ ಓಡಿದಾಗ. ಪಕ್ಕದ ದುರ್ಗದ ಕೋಟೆಯಲ್ಲೇ ತೆಗೆದ ಸಿನಿಮಾ. ಪುಟ್ಟಣ್ಣ ಒಬ್ಬ ಹೊಸ ಹುಡುಗನನ್ನ ಹೀರೋ ಮಾಡಿದ್ದರು. ಅದೂ ಸಾಲದು ಅಂತ ಆ ಹೀರೋ ಕೈಯಲ್ಲೇ ಚಾಮಯ್ಯ ಮೇಷ್ಟ್ರು ಸಾಯುತ್ತಾರೆ, ಹೀರೋನೂ ಮಾರ್ಗರೆಟ್ಟೂ ಬೆಟ್ಟದಿಂದ ಹಾರುತ್ತಾರೆ. ಹೀಗೆ ಮುಗಿಸಿದರೆ ಓಡುತ್ತದೆ ಅಂತ ಯಾವ ಧೈರ್ಯದ ಮೇಲೆ ಮುಗಿಸಿದರೋ. ಕೊನೇ ರೀಲಿನಲ್ಲಿ ನಮ್ಮ ಹಾಲಿನಲ್ಲಿ ಒಂದು ಎಳೆ ಹೊಗೆ ಇರಲಿಲ್ಲ.

ಇನ್ನೊಂದು ಅಳತೆ ನನ್ನದೇ. ಹಳೇ ಪ್ರೊಜೆಕ್ಟರಿನಲ್ಲಿ ಬೆಳಕು ಬರುತ್ತಿದ್ದದ್ದು ಎರಡು ಕಾರ್ಬನ್ ಕಡ್ಡಿಗಳ ನಡುವೆ ಹೊತ್ತಿಕೊಂಡ ಕಿಡಿಯಿಂದ. ಕಡ್ಡಿ ಉರಿಯುತ್ತಾ ಸವೆಯುತ್ತದೆ, ಸವೆದ ಹಾಗೆ ತಿರುಪು ತಿರುಗಿಸಿ ಹತ್ತಿರ ತರುತ್ತಿರಬೇಕು. ಮರೆತರೆ ಪರದೆ ಮಬ್ಬಾಗಿ ಕೆಳಗಿನಿಂದ ‘ಲೇ, ಕಡ್ಡಿ!’ ಅಂತ ಬೈಗುಳ ಬರುತ್ತದೆ. ಸಿನಿಮಾ ನೋಡುತ್ತಾ ನಾನೇ ಕಡ್ಡಿ ಮರೆತದ್ದು ಮೂವತ್ತೆಂಟು ವರ್ಷದಲ್ಲಿ ಹತ್ತು ಸಲ ಇರಬಹುದು. ಆ ಹತ್ತು ಸಿನಿಮಾಗಳಿಗೆ ನನ್ನ ಕಡೆಯಿಂದ ಐದು ಸ್ಟಾರ್.

ಇಷ್ಟು ಪೀಠಿಕೆ ಯಾಕೆ ಅಂದರೆ, ಮಲ್ಟಿಪ್ಲೆಕ್ಸಿನಲ್ಲಿ ಹೊಗೆಯೂ ಇಲ್ಲ, ಕಡ್ಡಿಯೂ ಇಲ್ಲ. ಅಲ್ಲಿ ನಾನು ಬೇರೆ ಏನನ್ನಾದರೂ ನೋಡಬೇಕು. ಆ ಭಾನುವಾರ ನಾನು ನೋಡಿದ್ದು ಒಂಬತ್ತು ವರ್ಷದ ಮೊಮ್ಮಗಳ ಕೈ.

ಪಾಪ್‌ಕಾರ್ನ್ ಡಬ್ಬ ಅವಳ ತೊಡೆ ಮೇಲಿತ್ತು. ಅದರ ರೇಟು ಬರೆದರೆ ನಿಮ್ಮ ಓದುಗರ ಹೊಟ್ಟೆ ಉರಿಯುತ್ತದೆ, ಬೇಡ. ಆ ದುಡ್ಡಿಗೆ ಮನೆಮಂದಿಗೆಲ್ಲ ಬೆಣ್ಣೆದೋಸೆ ತಿನ್ನಿಸಿ, ಸಂಜೆಗೆ ಮಂಡಕ್ಕಿ ಮಿರ್ಚಿಯನ್ನೂ ಕಟ್ಟಿಸಿಕೊಂಡು ಬರಬಹುದಿತ್ತು. ಇರಲಿ. ಕೈ ಡಬ್ಬಕ್ಕೆ ಹೋಗುತ್ತದೆ, ಬಾಯಿಗೆ ಬರುತ್ತದೆ, ಮತ್ತೆ ಡಬ್ಬಕ್ಕೆ ಹೋಗುತ್ತದೆ. ಗಡಿಯಾರದ ಹಾಗೆ. ಪರದೆ ಮೇಲೆ ಕಾರು ಹಾರಿದರೂ ಅಷ್ಟೇ, ರಾಕೆಟ್ ಎದ್ದರೂ ಅಷ್ಟೇ.

ಸಿನಿಮಾದಲ್ಲಿ ಒಳ್ಳೆಯದು ಬೇಕಾದಷ್ಟಿದೆ, ಸುಳ್ಳು ಹೇಳಬಾರದು. ಇದು 1960ರ ದಶಕದ ನ್ಯೂಯಾರ್ಕ್, ಆದರೆ ಅವರದೇ ಕನಸಿನ ನ್ಯೂಯಾರ್ಕ್. ಹಾರುವ ಕಾರಿದೆ, ಮನೆಗೆಲಸಕ್ಕೆ ಪುಟ್ಟ ರೋಬೋಟಿದೆ. ನಾಲ್ವರಿಗೆ ಶಕ್ತಿ ಹೇಗೆ ಬಂತು ಅಂತ ಮುಕ್ಕಾಲು ಗಂಟೆ ಕೊರೆಯುವುದಿಲ್ಲ. ಒಂದು ಟಿವಿ ಕಾರ್ಯಕ್ರಮದ ನೆಪ ಮಾಡಿಕೊಂಡು ಚಕಚಕ ಮುಗಿಸಿಬಿಡುತ್ತಾರೆ. ಇಡೀ ಸಿನಿಮಾ ಎರಡು ಗಂಟೆಯೊಳಗೆ. ನಮ್ಮವರು ಮೂರು ಗಂಟೆ ಎಳೆಯುವ ಈ ಕಾಲದಲ್ಲಿ ಅದಕ್ಕೇ ಒಂದು ಸಲಾಂ ಹೊಡೆಯಬಹುದು. ಕಲ್ಲಿನ ಮೈಯ ಬೆನ್ ಅಂತ ಒಬ್ಬನಿದ್ದಾನೆ, ಆ ರೋಬೋಟಿನ ಜೊತೆ ಅಡುಗೆ ಮಾಡುತ್ತಾನೆ. ದುರ್ಗದ ಬೆಟ್ಟದ ಬಂಡೆಯೊಂದಕ್ಕೆ ಕಣ್ಣು ಬಂದ ಹಾಗಿದೆ ಅವನ ಮುಖ, ಆದರೂ ಬೇಜಾರು ಖುಷಿ ಎರಡೂ ಅದರಲ್ಲಿ ತಿಳಿಯುತ್ತವೆ. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್‌ನನ್ನ 2007ರ ಸಿನಿಮಾದಲ್ಲಿ ಬರೀ ಮೋಡ ಮಾಡಿದ್ದರು. ಈ ಸಲ ಅವನಿಗೆ ಕೈಕಾಲು ಕೊಟ್ಟಿದ್ದಾರೆ. ಕಟ್ಟಡಗಳ ನಡುವೆ ಅವನು ಹೆಜ್ಜೆ ಇಟ್ಟರೆ ನಮ್ಮ ಸೀಟು ಅದುರುತ್ತದೆ.

ಕೈ ನಿಂತದ್ದು ಎಲ್ಲಿ ಅಂದರೆ, ಆ ಗ್ಯಾಲಕ್ಟಸ್ ಒಂದು ಮಾತು ಕೇಳುತ್ತಾನಲ್ಲ, ಅಲ್ಲಿ. ನಾಲ್ವರಲ್ಲಿ ಒಬ್ಬಾಕೆ ಸೂ. ತುಂಬು ಬಸುರಿ. ಬಹಳ ಕಾದಮೇಲೆ ನಿಂತ ಬಸಿರು. ‘ನಿನ್ನ ಹೊಟ್ಟೆಯಲ್ಲಿರುವುದನ್ನ ಕೊಡು, ನಿಮ್ಮ ಭೂಮಿಯನ್ನ ಬಿಡುತ್ತೇನೆ’ ಅನ್ನುತ್ತಾನೆ. ಇಷ್ಟೇ ಮಾತು. ಮೊಮ್ಮಗಳ ಕೈ ಡಬ್ಬಕ್ಕೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಆಮೇಲೆ ರಾಕೆಟ್ಟಿನೊಳಗೇ ಹೆರಿಗೆ ಆಗುತ್ತದೆ, ಹಿಂದೆ ಗ್ಯಾಲಕ್ಟಸ್ ಕಡೆಯ ದೂತೆ, ಬೆಳ್ಳಿ ಮೈಯವಳೊಬ್ಬಳು ಅಟ್ಟಿಸಿಕೊಂಡು ಬರುತ್ತಿರುತ್ತಾಳೆ. ಆಗಲೂ ಕೈ ಮೇಲೇಳಲಿಲ್ಲ. ಅವರು ಭೂಮಿಗೆ ವಾಪಸ್ ಬಂದು, ಕೇಳಿದ್ದನ್ನ ಕೊಡಲಿಲ್ಲ ಅಂತ ಜನರ ಮುಂದೆ ನಿಜ ಹೇಳುತ್ತಾರೆ. ಸೂ ಗಂಡ ರೀಡ್ ಲೆಕ್ಕದ ಮನುಷ್ಯ. ಒಂದು ಮಗು ಕೊಟ್ಟರೆ ಎಲ್ಲರೂ ಉಳಿಯುತ್ತಾರೆ ಅನ್ನೋ ಲೆಕ್ಕ ತನ್ನ ತಲೆಗೂ ಬಂದಿತ್ತು ಅಂತ ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಾನೆ. ಅಲ್ಲಿ ಪಕ್ಕದಿಂದ ಪಿಸುದನಿ ಬಂತು: ‘ಕೊಟ್ಟುಬಿಡ್ತಾರೇನಜ್ಜ?’

ನನಗೂ ಗೊತ್ತಿರಲಿಲ್ಲ. ಕ್ಯಾಬಿನಿನಲ್ಲಿದ್ದಿದ್ದರೆ ನನ್ನ ಕಡ್ಡಿ ಆ ಹೊತ್ತಿಗೆ ಮಬ್ಬಾಗುತ್ತಿತ್ತು, ಖಂಡಿತ.

ಆಮೇಲೆ ಏನಾಯಿತು ನೋಡಿ. ಕಥೆ ಬಿಟ್ಟುಕೊಟ್ಟೆ ಅಂತ ಯಾರೂ ಬೈಯಬೇಡಿ, ನೋಡಬೇಕಾದವರು ಇಷ್ಟೊತ್ತಿಗೆ ನೋಡಿರುತ್ತಾರೆ. ಮಗು ಕೊಡಲಿಲ್ಲ ಅಂತ ಜನ ಇವರ ಮನೆ ಮುಂದೆ ಸೇರಿ ಕೂಗುತ್ತಾರೆ. ಸೂ ಮಗುವನ್ನ ಎತ್ತಿಕೊಂಡು ಹೊರಗೆ ಬರುತ್ತಾಳೆ. ಲೋಕಕ್ಕಾಗಿ ಮಗುವನ್ನೂ ಕೊಡಲ್ಲ, ಮಗುಗಾಗಿ ಲೋಕವನ್ನೂ ಬಿಟ್ಟುಕೊಡಲ್ಲ ಅನ್ನೋ ಅರ್ಥದ ಮಾತಾಡುತ್ತಾಳೆ. ಜನ ತಣ್ಣಗಾಗುತ್ತಾರೆ. ಅಲ್ರೀ, ಕರೆಂಟ್ ಹೋಗಿ ಹತ್ತು ನಿಮಿಷ ಆಯ್ತು ಅಂದರೆ ನಮ್ಮ ಟಾಕೀಸಿನಲ್ಲಿ ಸೀಟಿನ ಹಲಗೆ ಕೀಳುತ್ತಿದ್ದರು. ಮ್ಯಾನೇಜರ್ ಕೈ ಮುಗಿದು ನಿಂತರೂ ಬಿಡುತ್ತಿರಲಿಲ್ಲ. ಇಲ್ಲಿ ಭೂಮಿಯೇ ಹೋಗುತ್ತದೆ ಅಂತ ಗೊತ್ತಾಗಿದೆ, ನಾಲ್ಕು ಮಾತಿಗೆ ಸುಮ್ಮನಾಗಿ ಮನೆಗೆ ಹೋಗುವುದಾ? ಆ ಗುಂಪಿನಲ್ಲೂ ಮಕ್ಕಳ ತಾಯಂದಿರು ಇರ್ತಾರಲ್ವಾ? ಅವರಲ್ಲಿ ಒಬ್ಬಳನ್ನಾದರೂ ಮುಂದೆ ತಂದು ಮಾತಾಡಿಸಬೇಕಿತ್ತು. ‘ನಿನ್ನದೊಂದು ಉಳಿಯಬೇಕು ಅಂತ ನನ್ನ ಮೂವರು ಹೋಗಬೇಕಾ’ ಅಂತ ಒಬ್ಬಳು ಕೇಳಿದ್ದರೆ ಸಿನಿಮಾ ಬೇರೆಯೇ ಆಗುತ್ತಿತ್ತು. ಆ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕೇ ಅದನ್ನ ಬರೋದಕ್ಕೇ ಬಿಡಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಉಪಾಯ. ಭೂಮಿಯನ್ನೇ ಎತ್ತಿ ಬೇರೆ ಕಡೆ ಇಡುವ ಉಪಾಯ, ಅದು ಕೆಟ್ಟಮೇಲೆ ಗ್ಯಾಲಕ್ಟಸ್‌ನನ್ನ ದೂರಕ್ಕೆ ತಳ್ಳುವ ಉಪಾಯ. ತಳ್ಳುವುದಕ್ಕೂ ಒಬ್ಬರು ಸಾಯಬೇಕು ಅನ್ನೋ ಹೊತ್ತಿಗೆ ನಾಲ್ವರಲ್ಲಿ ಬೆಂಕಿಯಾಗಿ ಉರಿಯುವವನು, ಸೂ ತಮ್ಮ ಜಾನಿ, ಮುಂದೆ ಬರುತ್ತಾನೆ. ಅವನನ್ನ ಪಕ್ಕಕ್ಕೆ ಸರಿಸಿ ಆ ಬೆಳ್ಳಿ ಮೈಯವಳು ಹೋಗುತ್ತಾಳೆ. ನಾಲ್ವರಿಗೆ ಸೇರದವಳು, ನೆಂಟರಲ್ಲ ಇಷ್ಟರಲ್ಲ, ಹೋದರೆ ನಷ್ಟ ಇಲ್ಲ. ಸೂ ಶಕ್ತಿಯೆಲ್ಲ ಖರ್ಚಾಗಿ ಬಿದ್ದು ಸಾಯುತ್ತಾಳೆ. ಸತ್ತಳು ಅಂತಲೇ ತೋರಿಸುತ್ತಾರೆ. ಮಗುವನ್ನ ಅವಳ ಎದೆ ಮೇಲೆ ಇಡುತ್ತಾರೆ, ಅವಳು ಕಣ್ಣು ಬಿಡುತ್ತಾಳೆ. ನಾವು ರೀಲಿನವರು ಕಾಲವನ್ನ ಅಡಿಯಲ್ಲಿ ಅಳೆಯುತ್ತೇವೆ. ನಿಮಿಷಕ್ಕೆ 90 ಅಡಿ. ಆಕೆಯ ಸಾವು 200 ಅಡಿ ಇದ್ದರೆ ಹೆಚ್ಚು. ಸೆನ್ಸಾರ್ ಸರ್ಟಿಫಿಕೇಟ್ ಸ್ವಲ್ಪ ಜಾಸ್ತಿ ಹೊತ್ತು ತೋರಿಸಿದ ಹಾಗೆ.

ಮೊಮ್ಮಗಳ ಕೈ ಯಾವಾಗ ಮತ್ತೆ ಶುರುವಾಯಿತು ಅಂತ ನೋಡಿಟ್ಟುಕೊಂಡಿದ್ದೇನೆ. ಸೂ ಬಿದ್ದಾಗಲೇ ಶುರುವಾಗಿತ್ತು, ಎದ್ದಮೇಲಲ್ಲ. ಹಿಂದಿನ ಸಾಲಿನ ಕಾಲೇಜು ಹುಡುಗನೊಬ್ಬ ಸ್ನೇಹಿತನಿಗೆ ಸ್ವಲ್ಪ ಜೋರಾಗೇ ಹೇಳಿದ್ದ: ‘ಸಾಯಲ್ಲ ಬಿಡೋ, ಮುಂದಿನ ಪಿಕ್ಚರಲ್ಲಿ ಇದ್ದಾರೆ.’ ಅವನು ಹೇಳಿದ್ದು ನಿಜ. ಸಿನಿಮಾ ಬಂದದ್ದು 2025ರ ಜುಲೈ 25ಕ್ಕೆ. ಇದಾದಮೇಲೆ ಬರಬೇಕಿದ್ದ, ಇಂಥ ಹೀರೋಗಳೆಲ್ಲ ಸೇರುವ ‘ಅವೆಂಜರ್ಸ್’ ಸಿನಿಮಾದಲ್ಲಿ ಯಾರ್ಯಾರು ಇರುತ್ತಾರೆ ಅನ್ನೋ ಪಟ್ಟಿಯನ್ನ ಮಾರ್ವೆಲ್ ಕಂಪನಿಯವರು ಆ ಮಾರ್ಚಿನಲ್ಲೇ ಹೊರಹಾಕಿದ್ದರು. ಈ ನಾಲ್ವರ ಹೆಸರೂ ಅದರಲ್ಲಿತ್ತು. ಮದುವೆ ಊಟಕ್ಕೆ ಎಲೆ ಹಾಕಿಸಿಟ್ಟು ಇತ್ತ ಹುಡುಗಿ ಒಪ್ಪುತ್ತಾಳೋ ಇಲ್ಲವೋ ಅಂತ ನಾಟಕ ಆಡಿದ ಹಾಗಾಯಿತು. ಹೆಸರು ಓಡಲು ಶುರುವಾದಮೇಲೂ ಹುಡುಗರು ಏಳಲಿಲ್ಲ. ನಾವಾಗಿದ್ದರೆ ‘ಶುಭಂ’ ಬರುವ ಮೊದಲೇ ಬಾಗಿಲು ತೆಗೆದು ಮುಂದಿನ ಶೋಗೆ ಕಸ ಗುಡಿಸುತ್ತಿದ್ದೆವು. ಕೊನೆಗೆ ಹಸಿರು ಮುಸುಕಿನವನೊಬ್ಬ, ಆ ‘ಅವೆಂಜರ್ಸ್’ ಸಿನಿಮಾದ ಖಳ, ಮಗುವಿನ ಮುಂದೆ ಕಾಣಿಸಿಕೊಂಡ. ಹುಡುಗರು ಶಿಳ್ಳೆ ಹೊಡೆದರು. ಇಡೀ ಸಿನಿಮಾದಲ್ಲಿ ಶಿಳ್ಳೆ ಬಿದ್ದದ್ದು ಅದೊಂದಕ್ಕೇ, ಅಂದರೆ ಆಗಿನ್ನೂ ಬಾರದ ಸಿನಿಮಾಕ್ಕೆ.

ಇದೆಲ್ಲ ಕಾಮಿಕ್ಸ್ ಪುಸ್ತಕದ ಕಥೆ, ಮಕ್ಕಳಿಗೆ ಮಾಡಿದ್ದು, ಜಾಸ್ತಿ ಕೇಳಬಾರದು ಅಂತ ನನ್ನ ಮಗ ಹೇಳಿದ. ಅವನು ಇಂಥದ್ದರ ಹುಚ್ಚ, ಎಲ್ಲ ಓದಿಕೊಂಡಿದ್ದಾನೆ. ಅವನೇ ಇನ್ನೊಂದನ್ನೂ ಹೇಳಿದ, ಅದು ಅವನ ಮಾತಿಗೇ ತಿರುಗಿಬಿತ್ತು. ಈ ನಾಲ್ವರು ಹುಟ್ಟಿದ್ದು 1961ರಲ್ಲಿ. ಬರೆದ ಸ್ಟಾನ್ ಲೀಗೆ ಆಗ ಕೆಲಸವೇ ಬೇಜಾರಾಗಿ ಬಿಟ್ಟುಬಿಡುವ ಯೋಚನೆಯಲ್ಲಿದ್ದರಂತೆ. ಹೇಗೂ ಬಿಡ್ತೀಯ, ಒಂದು ಸಲ ನಿನಗೆ ಬೇಕಾದ ಹಾಗೆ ಬರಿ, ಜಾಸ್ತಿ ಅಂದರೆ ಕೆಲಸದಿಂದ ತೆಗೀತಾರೆ ಅಂತ ಹೆಂಡತಿ ಹೇಳಿದಳಂತೆ. ಈ ಕಥೆಯನ್ನ ಸ್ವತಃ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅವರು ಬರೆದರು, ಜ್ಯಾಕ್ ಕರ್ಬಿ ಚಿತ್ರ ಬಿಡಿಸಿದರು. ಮನೆಯಲ್ಲಿ ಜಗಳ ಆಡುವ ಹೀರೋಗಳು. ಮುಖ ಮುಚ್ಚಿಕೊಳ್ಳದ ಹೀರೋಗಳು. ಮೊದಲ ಸಂಚಿಕೆಯಲ್ಲಿ ಅವರಿಗೆ ಬಣ್ಣದ ಯೂನಿಫಾರಂ ಕೂಡ ಇರಲಿಲ್ಲ. ಕೆಲಸ ಹೋದರೆ ಹೋಗಲಿ ಅಂತ ಹುಟ್ಟಿದ ನಾಲ್ವರನ್ನ ಇವತ್ತು ಒಂದು ಕೂದಲೂ ಕೊಂಕದ ಹಾಗೆ ಕಾಯ್ದುಕೊಂಡು ಕೂತಿದ್ದಾರೆ. ನೂರಾರು ಕೋಟಿ ಸುರಿದವರ ಭಯ ನನಗೂ ಅರ್ಥ ಆಗುತ್ತದೆ. ರೀಲಿನ ಡಬ್ಬ ಕೈಯಲ್ಲಿ ಹಿಡಿದು ಆರು ಜನ ನೋಡುವ ಮಾರ್ನಿಂಗ್ ಶೋ ಓಡಿಸಿದವನು ನಾನು. ಆದರೆ ಸೋಲಬಾರದು ಅಂತ ಮಾಡಿದ್ದು ಮೊದಲು ಗೊತ್ತಾಗುವುದು ಕಿಂಡಿಯಲ್ಲಿ ನೋಡುವವನಿಗೇ. ಯಾರೂ ಎದ್ದು ಹೋಗುವುದಿಲ್ಲ, ಯಾರೂ ಬೈಯುವುದಿಲ್ಲ, ಹೊಗೆ ಒಂದೇ ಸಮ ಏಳುತ್ತಿರುತ್ತದೆ.

ಮಗು ಕೊಡು ಅನ್ನೋ ಮಾತು ಕೇಳಿದಾಗಿನಿಂದ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಮ್ಮವ್ವನ ಹಾಡು. ಅವ್ವ ಜಗಳೂರು ಕಡೆಯ ಹಳ್ಳಿಯವಳು. ನೀರಿನ ಬರ ಕಂಡವಳು. ಬೀಸುವಾಗ ‘ಕೆರೆಗೆ ಹಾರ’ ಹಾಡುತ್ತಿದ್ದಳು. ಓದುಗರಿಗೆ ಕಥೆ ಗೊತ್ತಿರುತ್ತದೆ. ಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಕಿರಿಸೊಸೆ ಭಾಗೀರಥಿಯನ್ನ ಕೊಡಬೇಕು ಅಂತ ಶಾಸ್ತ್ರದಲ್ಲಿ ಬರುತ್ತದೆ. ಅವಳಿಗೆ ಅದು ತಿಳಿಯುತ್ತದೆ. ತೌರಿಗೆ ಹೋದರೂ ಅಪ್ಪ ಅವ್ವನ ಹತ್ತಿರ ನಿಜ ಹೇಳುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ಗೆಳತಿಯ ಹತ್ತಿರ ಮಾತ್ರ ಬಾಯಿ ಬಿಡುತ್ತಾಳೆ. ಪೂಜೆ ಮುಗಿದು ಎಲ್ಲರೂ ಮೇಲೆ ಬಂದಮೇಲೆ ಮರೆತ ಬಂಗಾರದ ಬಟ್ಟಲು ತರಲು ಅವಳನ್ನೇ ಕೆಳಗೆ ಕಳಿಸುತ್ತಾರೆ. ಅವಳು ಮೆಟ್ಟಿಲು ಹತ್ತಿದ ಹಾಗೆ ನೀರೂ ಹತ್ತುತ್ತದೆ. ಮೊದಲು ಪಾದ, ಆಮೇಲೆ ಮೊಣಕಾಲು, ನಡ, ಎದೆ. ಅವ್ವ ಅಲ್ಲಿಗೆ ಬಂದಾಗ ಬೀಸುವ ಕಲ್ಲಿನ ಸದ್ದು ನಿಧಾನ ಆಗುತ್ತಿತ್ತು. ದಂಡಿನಲ್ಲಿದ್ದ ಗಂಡ ಸುದ್ದಿ ತಿಳಿದು ಬಂದು ಅದೇ ಕೆರೆಗೆ ಹಾರುತ್ತಾನೆ. ಹಾಡು ಅಲ್ಲಿಗೆ ಮುಗಿಯುತ್ತದೆ.

ಬಲಿ ಕೊಡುವುದು ಸರಿ ಅಂತ ನಾನು ಹೇಳುತ್ತಿಲ್ಲ. ಆ ಗೌಡನ ಮನೆಯವರನ್ನ ಅವ್ವ ಹಾಡು ಮುಗಿದಮೇಲೆ ಹತ್ತು ನಿಮಿಷ ಬೈಯುತ್ತಿದ್ದಳು. ಕೆರೆ ತುಂಬಿದ್ದಕ್ಕೆ ಅವಳು ಒಂದು ದಿನವೂ ಖುಷಿ ಪಟ್ಟದ್ದು ನಾನು ಕಾಣೆ. ಆದರೆ ಹಾಡು ಕಟ್ಟಿದ ಆ ಹೆಂಗಸರು, ಹೆಸರೂ ಗೊತ್ತಿಲ್ಲದವರು, ಒಂದು ಪ್ರಶ್ನೆ ಎತ್ತಿದಮೇಲೆ ಅದರ ಕೊನೇ ಮೆಟ್ಟಿಲ ತನಕ ಇಳಿದರು. ಈ ಸಿನಿಮಾದವರು ಮೊದಲ ಮೆಟ್ಟಿಲಲ್ಲಿ ಪಾದ ಒದ್ದೆ ಮಾಡಿಕೊಂಡು, ಟವೆಲ್ ಕೊಡ್ರಿ ಅಂದರು.

ಮನೆಗೆ ಬಂದಮೇಲೆ ಹೆಂಡತಿ ಮಂಡಕ್ಕಿ ಒಗ್ಗರಣೆ ಮಾಡಿಟ್ಟಿದ್ದಳು. ಸಿನಿಮಾ ಹೆಂಗಿತ್ತು ಅಂದಳು. ‘ಏನೂ ಮೋಸ ಇಲ್ಲ’ ಅಂದೆ. ‘ಅಂದರೆ ಚೆನ್ನಾಗಿಲ್ಲ ಅಂತಾನಾ?’ ಅಂದಳು. ನಲವತ್ತೈದು ವರ್ಷ ಸಂಸಾರ ಮಾಡಿದವಳು, ಮುಚ್ಚಿಡೋದಕ್ಕೆ ಆಗಲ್ಲ. ಮೊಮ್ಮಗಳು ಕಥೆ ಹೇಳಲು ಕೂತಳು. ಕಲ್ಲಿನವನು, ಬೆಂಕಿಯವನು, ರೋಬೋಟು ಎಲ್ಲ ಬಂದವು. ‘ಅಮ್ಮ ಸತ್ತೋದ್ಲು, ಆಮೇಲೆ ಎದ್ಲು’ ಅನ್ನೋದನ್ನ ಮಂಡಕ್ಕಿ ಅಗಿಯುತ್ತಲೇ ಒಂದೇ ಉಸಿರಿಗೆ ಹೇಳಿ ಮುಂದಕ್ಕೆ ಹೋದಳು.

ರಾತ್ರಿ ಮಲಗುವಾಗ ಭಾಗೀರಥಿಯ ಕಥೆ ಹೇಳಿದೆ. ಹೇಳಬಾರದಿತ್ತೋ ಏನೋ, ಹೆಂಡತಿ ಒಳಗಿನಿಂದ ‘ಮಗುಗೆ ಅದನ್ನ ಯಾಕ್ರೀ ಹೇಳ್ತೀರ’ ಅಂತ ಕೂಗಿದಳು. ಅಷ್ಟೊತ್ತಿಗೆ ನೀರು ನಡದ ತನಕ ಬಂದಿತ್ತು, ನಿಲ್ಲಿಸೋದು ಹೇಗೆ? ಕಥೆ ಮುಗಿದಮೇಲೆ ಮೊಮ್ಮಗಳು ಸ್ವಲ್ಪ ಹೊತ್ತು ಕಾದಳು. ಇನ್ನೂ ಇದೆ ಅಂದುಕೊಂಡಿದ್ದಳು ಅನ್ನಿಸುತ್ತದೆ.

‘ಆಮೇಲೆ ಎದ್ದು ಬರ್ತಾಳಾ?’

‘ಇಲ್ಲವ್ವ.’

‘ಅವರ ಅಪ್ಪ ಬಂದು ಕರ್ಕೊಂಡು ಹೋಗಲ್ವಾ?’

‘ಇಲ್ಲ.’

ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನನ್ನ ಮೇಲೆ ಸಿಟ್ಟು. ಬೆಳಗ್ಗೆ ಹಲ್ಲು ತಿಕ್ಕುವಾಗಲೂ ಮಾತಿಲ್ಲ, ತಿಂಡಿಗೂ ಮಾತಿಲ್ಲ. ಆ ನಾಲ್ವರ ಸುದ್ದಿ ಎತ್ತಲೇ ಇಲ್ಲ. ಸ್ಕೂಲಿನ ಆಟೋ ಬಂತು. ಬ್ಯಾಗ್ ಒಳಗಿಟ್ಟು, ಒಂದು ಕಾಲು ಮೇಲಿಟ್ಟವಳು ತಿರುಗಿ ನಿಂತು ಕೇಳಿದಳು:

‘ಅಜ್ಜ, ಆ ಕೆರೆ ಎಲ್ಲಿದೆ?’

ಇಂತಿ,
ಹಳೇ ಆಪರೇಟರ್ ಒಬ್ಬ,
ನಿಟುವಳ್ಳಿ, ದಾವಣಗೆರೆ